ಲಿಗಾಯಾ, ಬಯಾನಿ, ಮಯೂಮಿ: ಟಗಾಲೊಗ್ ಹೆಸರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದುಬೈನಲ್ಲಿ ಏಳು ವರ್ಷ ಅಕೌಂಟ್ಸ್ ಕೆಲಸ ಮಾಡಿ ವಾಪಸ್ ಬಂದೋಳು ನಾನು. ಆಫೀಸಲ್ಲಿ ಅರ್ಧಕ್ಕರ್ಧ ಜನ ಫಿಲಿಪೀನ್ಸಿನವರು, ಊಟದ ಹೊತ್ತಲ್ಲಿ ನಾನು ಅವರ ಹೆಸರಿನ ಅರ್ಥ ಕೇಳ್ತಿದ್ದೆ, ಅವರು ನಂದು ಕೇಳ್ತಿದ್ರು, ಹಾಗೆ ಶುರುವಾದ ಹುಚ್ಚು ಇದು. ಈಗ ಮಗಳಿಗೆ ಹೆಸರು ಹುಡುಕೋರು, ಫಿಲಿಪೀನ್ಸಿಗೆ ಎಂಬಿಬಿಎಸ್ ಓದೋಕೆ ಹೊರಟ ಹುಡುಗರ ಅಪ್ಪ ಅಮ್ಮ, ಗಲ್ಫಿಗೆ ಹೊರಟ ನರ್ಸ್‌ಗಳು ಎಲ್ಲ ಅದದೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ.

ಟಗಾಲೊಗ್ ಅಂದ್ರೂ ಫಿಲಿಪಿನೊ ಅಂದ್ರೂ ಒಂದೇನಾ?

ಅಲ್ಲ. ಟಗಾಲೊಗ್ ಅನ್ನೋದು ಲುಜಾನ್ ದ್ವೀಪದಲ್ಲಿ ಮನಿಲಾ, ಅದರ ಸುತ್ತಮುತ್ತ ಇರೋ ಬುಲಕಾನ್, ಲಗುನಾ, ಕವೀತೆ, ಬತಾಂಗಸ್ ಕಡೆ ಜನರ ಮಾತೃಭಾಷೆ. 'ತಗಾ ಇಲೊಗ್', ಅಂದ್ರೆ ನದಿ ಕಡೆಯವರು, ಅನ್ನೋದರಿಂದ ಈ ಹೆಸರು ಬಂತು ಅಂತ ಅವರೇ ಹೇಳ್ತಾರೆ. 1937ರಲ್ಲಿ ಇದನ್ನೇ ಬುಡ ಮಾಡ್ಕೊಂಡು ರಾಷ್ಟ್ರಭಾಷೆ ಕಟ್ಟೋದು ಅಂತ ತೀರ್ಮಾನ ಆಯ್ತು, ಅದಕ್ಕೆ ಈಗ ಫಿಲಿಪಿನೊ ಅಂತಾರೆ. ಆದ್ರೆ ದೇಶದಲ್ಲಿ ನೂರಕ್ಕೂ ಜಾಸ್ತಿ ಭಾಷೆ ಇವೆ, ಸೆಬುವಾನೊ, ಇಲೊಕಾನೊ, ಕಪಂಪಾಂಗನ್, ಹಿಲಿಗೈನೊನ್ ಹೀಗೆ. ಸೆಬು ಕಡೆಯವರ ಹತ್ರ ಹೋಗಿ ನಿಮ್ಮ ಟಗಾಲೊಗ್ ಹೆಸರು ಚೆನ್ನಾಗಿದೆ ಅಂದ್ರೆ, ನಮ್ಮೂರಲ್ಲಿ ಯಾರಾದ್ರೂ ಬಂದು ನಿಮ್ಮ ಹಿಂದಿ ಹೆಸರು ಚೆನ್ನಾಗಿದೆ ಅಂದಂಗೆ ಆಗುತ್ತೆ.

ನನಗೆ ಗೊತ್ತಿರೋ ಫಿಲಿಪಿನೊಗಳ ಹೆಸರೆಲ್ಲ ಮರಿಯಾ, ಹೊಸೆ, ಜಾನ್ ಪಾಲ್ ಅಂತ ಇದಾವಲ್ಲ, ಟಗಾಲೊಗ್ ಎಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. 1565ರಿಂದ 1898ರವರೆಗೆ ಸ್ಪೇನಿನವರು ಆಳಿದ್ರು. ಕ್ರೈಸ್ತ ಧರ್ಮಕ್ಕೆ ಸೇರಿದಾಗ ದೀಕ್ಷಾಸ್ನಾನದ ಜೊತೆ ಸಂತರ ಹೆಸರೂ ಬಂತು. ಮಗು ಹುಟ್ಟಿದ ದಿನ ಕ್ಯಾಲೆಂಡರಲ್ಲಿ ಯಾವ ಸಂತರ ಹಬ್ಬ ಇದೆಯೋ ಆ ಹೆಸರನ್ನೇ ಇಡೋದು ರೂಢಿಯಾಯ್ತು. ದೇಶದ ದೊಡ್ಡ ವೀರ ಹೊಸೆ ರಿಸಾಲ್ ಹುಟ್ಟಿದ್ದು 1861ರ ಜೂನ್ 19ಕ್ಕೆ, ಅವತ್ತು ಸಂತ ಪ್ರೊತಾಸಿಯೊ ಹಬ್ಬ, ಅದಕ್ಕೆ ಅವರ ಪೂರ್ತಿ ಹೆಸರಲ್ಲಿ ಪ್ರೊತಾಸಿಯೊ ಇದೆ. ಕ್ರಾಂತಿ ನಾಯಕ ಆಂದ್ರೆಸ್ ಬೊನಿಫಾಸಿಯೊ 1863ರ ನವೆಂಬರ್ 30ಕ್ಕೆ, ಸಂತ ಆಂದ್ರೆಸ್ ದಿನಾನೇ ಹುಟ್ಟಿದ್ದು. ನಮ್ಮಲ್ಲಿ ನಕ್ಷತ್ರ ನೋಡಿ ಅಕ್ಷರ ಹುಡುಕ್ತೀವಲ್ಲ, ಅಲ್ಲಿ ಕ್ಯಾಲೆಂಡರ್ ಆ ಕೆಲಸ ಮಾಡ್ತು.

ಹೆಣ್ಣುಮಕ್ಕಳಿಗೆ ಮೇರಿಮಾತೆಯ ಬಿರುದುಗಳು: ರೊಸಾರಿಯೊ ಅಂದ್ರೆ ಜಪಮಾಲೆ, ಮಿಲಾಗ್ರೊಸ್ ಅಂದ್ರೆ ಪವಾಡಗಳು, ರೆಮೆದಿಯೊಸ್ ಅಂದ್ರೆ ಪರಿಹಾರಗಳು. ಆಮೇಲೆ 1898ರಿಂದ ಅಮೆರಿಕದವರು ಬಂದು ಇಂಗ್ಲಿಷ್ ಸ್ಕೂಲು ತೆರೆದ್ರು, ಮೇರಿ ಗ್ರೇಸ್, ಜಾನ್ ಮಾರ್ಕ್ ಥರದ ಜೋಡಿ ಹೆಸರುಗಳು ಹೆಚ್ಚಾದ್ವು.

ಹಾಗಾಗಿ ಯಾರಿಗಾದ್ರೂ ಅಚ್ಚ ಟಗಾಲೊಗ್ ಹೆಸರು ಇದ್ರೆ ಅದು ಸುಮ್ನೆ ಇಟ್ಟಿದ್ದಲ್ಲ. ಸಂತರ ಹೆಸರು ಇಡೋದೇ ಸಾಮಾನ್ಯ ಆಗಿರೋ ಕಡೆ ಅಪ್ಪನೋ ಅಮ್ಮನೋ ಬೇಕು ಅಂತ ಆರಿಸಿ ಇಟ್ಟಿದ್ದು. ಇಂಟರ್ನೆಟ್ಟಿನ ಬೇಬಿ ನೇಮ್ಸ್ ಪಟ್ಟಿಗಳಲ್ಲಿ ಈ ವಿಷಯಾನೇ ಇರಲ್ಲ, ಹೆಸರಿನ ಮುಂದೆ ಒಂದು ಅರ್ಥ ಹಾಕಿ ಮುಂದಕ್ಕೆ ಹೋಗ್ತಾರೆ, ಅದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಹೆಸರಿನ ಮುಂದೆ ಎಂ, ಎ, ಚುಕ್ಕಿ ಇರುತ್ತಲ್ಲ, ಅದೇನು?

ಅದು ಮರಿಯಾ ಅನ್ನೋದರ ಶಾರ್ಟ್ ಫಾರ್ಮ್. ನಾನು ಸೇರಿದ ಮೊದಲ ವಾರ ಪಕ್ಕದ ಸೀಟಿನವರ ಬ್ಯಾಡ್ಜ್ ಮೇಲೆ ಈ 'ಮಾ.' ನೋಡಿ ಅದೇ ಅವರ ಹೆಸರು ಅನ್ಕೊಂಡು 'ಮಾ' ಅಂತಾನೇ ಕರೀತಿದ್ದೆ. ಅವರಿಗೆ ನನಗಿಂತ ಹತ್ತು ವರ್ಷ ಜಾಸ್ತಿ, ಎರಡು ದಿನ ಓಗೊಟ್ರು, ಮೂರನೇ ದಿನ ಒಂದು ಚೀಟಿ ತಗೊಂಡು ಚುಕ್ಕಿಗೆ ದುಂಡಗೆ ಗೆರೆ ಎಳೆದು ಅದರ ಕೆಳಗೆ ಮರಿಯಾ ಅಂತ ಪೂರ್ತಿ ಬರೆದು ತೋರಿಸಿದ್ರು. ಎಷ್ಟೋ ಜನರಿಗೆ ಮರಿಯಾ ಬರೀ ಮುಂದೆ ಇರುತ್ತೆ ಅಷ್ಟೆ, ಮನೇಲಿ ಕರೆಯೋದು ಎರಡನೇ ಹೆಸರಿಂದ.

ಸ್ಪೇನಿನವರು ಬರೋ ಮುಂಚೆ ಹೆಸರು ಹೇಗೆ ಇಡ್ತಿದ್ರು?

ಪೆದ್ರೊ ಚಿರೀನೊ ಅನ್ನೋ ಜೆಸ್ಯೂಟ್ ಪಾದ್ರಿ 1604ರಲ್ಲಿ ಇದನ್ನ ಬರೆದಿಟ್ಟಿದಾರೆ. ಹೆಸರು ಇಡೋಳು ತಾಯಿ. ಹೆರಿಗೆ ಕಷ್ಟ ಆದ್ರೆ ಮಲಿವಾಗ್, ಅಂದ್ರೆ ಕಷ್ಟದ್ದು. ಮಗು ಗಟ್ಟಿಮುಟ್ಟಾಗಿರಲಿ ಅಂತ ಮಲಕಾಸ್, ಅಂದ್ರೆ ಬಲಶಾಲಿ. ಕೆಲವೊಮ್ಮೆ ಎದುರಿಗೆ ಕಂಡಿದ್ದೇ ಹೆಸರು, ದಾನ್ ಅಂದ್ರೆ ದಾರಿ. ಗಂಡಿಗೆ ಇಲೊಗ್, ಅಂದ್ರೆ ನದಿ, ಅಂತಿದ್ರೆ ಹೆಣ್ಣಿಗೆ ಕೊನೇಲಿ 'ಇನ್' ಸೇರಿಸಿ ಇಲೊಗಿನ್ ಅಂತಿದ್ರು.

ಇನ್ನೊಂದು ಪದ್ಧತಿ ಕೇಳಿದ್ರೆ ನಮ್ಮ ಅಜ್ಜಿ ಕಾಲ ನೆನಪಾಗುತ್ತೆ. ಮೊದಲ ಮಗು ಹುಟ್ಟಿದ ಮೇಲೆ ಅಪ್ಪ ಅಮ್ಮನ್ನ ಅವರ ಹೆಸರಿಂದ ಕರೀತಿರಲಿಲ್ಲ, ಮಗುವಿನ ಹೆಸರು ಸೇರಿಸಿ 'ಅಮಾ ನಿ' ಇಂಥವರು, 'ಇನಾ ನಿ' ಇಂಥವರು, ಅಂದ್ರೆ ಇಂಥವರ ಅಪ್ಪ, ಇಂಥವರ ಅಮ್ಮ ಅಂತ ಕರೀತಿದ್ರು. ನಮ್ಮಜ್ಜಿ ಅಜ್ಜನ ಹೆಸರು ಒಂದು ಸಲನೂ ಬಾಯಲ್ಲಿ ಹೇಳಿದ್ದಿಲ್ಲ, 'ಸರೋಜನ ಅಪ್ಪ' ಅಂತಾನೇ ಕೊನೇವರೆಗೂ.

ಇನ್ನೂ ಹಿಂದಕ್ಕೆ ಹೋದ್ರೆ ಲಗುನಾ ತಾಮ್ರಪಟ ಇದೆ. 1989ರಲ್ಲಿ ನದಿ ಮುಖದಲ್ಲಿ ಮರಳು ತೆಗೆಯೋವಾಗ ಸಿಕ್ಕ ತೆಳು ತಾಮ್ರದ ತಗಡು. ಅದರ ಮೇಲೆ ಶಕ ವರ್ಷ 822, ವೈಶಾಖ ಮಾಸ ಅಂತ ಇದೆ, ಅಂದ್ರೆ ಕ್ರಿ.ಶ. 900. ನಮ್ಮ ಕಡೆ ರಾಷ್ಟ್ರಕೂಟರ ಶಾಸನಗಳಲ್ಲೂ ಇದೇ ಶಕ ವರ್ಷ ಬರೀತಿದ್ದ ಕಾಲ ಅದು. ವಿಷಯ ಒಂದು ಸಾಲ ಮನ್ನಾ ಆಗಿದ್ದು: ಸಾಲ ನಮ್ವರಾನ್ ಅನ್ನೋರದ್ದು, ಅವರ ಮಗಳು ಅಂಕಾತನ್, ಅವಳ ಹೆಸರಿನ ಮುಂದೆ 'ದಯಾಂಗ್' ಅನ್ನೋ ಗೌರವದ ಪದ, ತಮ್ಮನ ಹೆಸರು ಬುಕಾ, ಜೊತೆಗೆ ಜಯದೇವ ಅನ್ನೋ ಒಬ್ಬ ನಾಯಕ. ಒಂದೇ ತಗಡಲ್ಲಿ ಸ್ಥಳೀಯ ಹೆಸರೂ ಸಂಸ್ಕೃತದ ಹೆಸರೂ ಒಟ್ಟಿಗೆ ಇದಾವೆ.

ಈಗ ಬಳಕೇಲಿರೋ ಟಗಾಲೊಗ್ ಹೆಸರುಗಳು ಯಾವುವು, ಅರ್ಥ ಏನು?

ಮೊದಲು ಒಂದು ವ್ಯಾಕರಣದ ಕೀಲಿಕೈ ಕೊಡ್ತೀನಿ, ಅದು ಗೊತ್ತಿದ್ರೆ ಅರ್ಧ ಹೆಸರು ತಾನಾಗೇ ಬಿಚ್ಕೊಳ್ಳುತ್ತೆ. 'ಮ' ಅನ್ನೋದು ಗುಣ ಹೇಳೋ ಪ್ರತ್ಯಯ. ಗಂದಾ ಅಂದ್ರೆ ಚೆಲುವು, ಮಗಂದಾ ಅಂದ್ರೆ ಚೆಲುವೆ. ಯೂಮಿ ಅಂದ್ರೆ ಮೃದುತನ, ಮಯೂಮಿ ಅಂದ್ರೆ ಮೃದು ಸ್ವಭಾವದವಳು. ರಿಕಿತ್, ಮರಿಕಿತ್ ಕೂಡ ಚೆಲುವಿಗೇ ಸೇರಿದ್ದು. ಲಯಾ ಅಂದ್ರೆ ಸ್ವಾತಂತ್ರ್ಯ, ಮಲಯಾ ಅಂದ್ರೆ ಸ್ವತಂತ್ರಳು. ಮಯೂಮಿ ಜಪಾನಲ್ಲೂ ಇದೆ, ಅದು ಬರೀ ಕಾಕತಾಳೀಯ. ಮಲಕಾಸ್, ಮಗಂದಾ ಇಬ್ಬರೂ ಅಲ್ಲಿಯ ಸೃಷ್ಟಿ ಕಥೇಲಿ ಬರೋ ಮೊದಲ ಗಂಡು, ಮೊದಲ ಹೆಣ್ಣು, ಸೀಳಿದ ಬಿದಿರಿನ ಒಳಗಿಂದ ಹೊರಗೆ ಬಂದೋರು.

ಬೆಳಕಿನ ಹೆಸರುಗಳು ಟಗಾಲೊಗಲ್ಲಿ ತುಂಬ ಚಂದ: ಲಿವಾಯ್‌ವಾಯ್ ಅಂದ್ರೆ ಮುಂಜಾವು, ಲುನಿಙ್‌ನಿಙ್ ಅಂದ್ರೆ ಮಿನುಗು, ಸಿನಾಗ್ ಅಂದ್ರೆ ಕಿರಣ, ಬಿತುವಿನ್ ಅಂದ್ರೆ ನಕ್ಷತ್ರ, ತಾಲಾ ಅಂದ್ರೆ ಫಳಫಳ ಹೊಳೆಯೋ ನಕ್ಷತ್ರ. ಲಿಗಾಯಾ ಸಂತೋಷ, ಲುವಾಲ್ಹಾತಿ ಮಹಿಮೆ, ದಲೀಸಾಯ್ ಪರಿಶುದ್ಧ, ಹಿಯಾಸ್ ಒಡವೆ. ಅಮೀಹಾನ್ ಅಂದ್ರೆ ಈಶಾನ್ಯದಿಂದ ಬೀಸೋ ತಂಪು ಗಾಳಿ, ಅದರ ಎದುರು ಹಬಾಗತ್, ನಮಗೂ ಪರಿಚಯ ಇರೋ ನೈಋತ್ಯ ಮುಂಗಾರು. ಹೆಸರಾಗಿ ಇಡೋದು ಅಮೀಹಾನನ್ನೇ ಜಾಸ್ತಿ.

ಗಂಡು ಹೆಸರಲ್ಲಿ ಬಯಾನಿ ಅಂದ್ರೆ ವೀರ, ದಕಿಲಾ ಅಂದ್ರೆ ಮಹಾನ್. ಬಯಾನಿಯಿಂದಲೇ ಬಯಾನಿಹಾನ್ ಅನ್ನೋ ಪದ, ಒಬ್ಬರು ಮನೆ ಬದಲಿಸೋವಾಗ ಊರಿನೋರೆಲ್ಲ ಸೇರಿ ಬಿದಿರಿನ ಮನೇನೇ ಹೆಗಲ ಮೇಲೆ ಹೊತ್ಕೊಂಡು ಹೋಗೋ ಚಿತ್ರ ನೋಡಿರ್ತೀರಾ, ನಮ್ಮ ಮುಯ್ಯಾಳು ಪದ್ಧತಿ ಥರದ್ದು. ಹಾಗಾಗಿ ಅಲ್ಲಿ ವೀರ ಅಂದ್ರೆ ಕತ್ತಿ ಹಿಡಿದೋನು ಮಾತ್ರ ಅಲ್ಲ, ಹೆಗಲು ಕೊಡೋನೂ ಹೌದು. ಈ ಒಂದು ಹೆಸರು ನನಗೆ ಎಲ್ಲಕ್ಕಿಂತ ಇಷ್ಟ.

ಕಾದಂಬರಿಗಾರ್ತಿ ಲುವಾಲ್ಹಾತಿ ಬೌತಿಸ್ತಾ, ಲೇಖಕಿ ಲಿವಾಯ್‌ವಾಯ್ ಆರ್ಸೆಯೊ ಇವರ ಹೆಸರುಗಳನ್ನ ನೋಡಿ: ಮೊದಲ ಹೆಸರು ಅಚ್ಚ ಟಗಾಲೊಗ್, ಕೊನೇದು ಸ್ಪೇನ್ ಕಾಲದ್ದು. ಇನ್ನು ಇಸಗಾನಿ ಅನ್ನೋ ಹೆಸರು ಹರಡೋದಕ್ಕೆ 1891ರಲ್ಲಿ ಬಂದ ರಿಸಾಲರ ಎರಡನೇ ಕಾದಂಬರಿಯ ಯುವ ಕವಿ ಪಾತ್ರ ಕಾರಣ.

ಸಂಸ್ಕೃತದ ನಂಟು ಇದೆ ಅಂತಾರೆ, ನಿಜಾನಾ?

ನಿಜ, ಆದ್ರೆ ನೇರವಾಗಿ ಇಲ್ಲಿಂದ ಹೋಗಿದ್ದಲ್ಲ, ಮಲಯ್, ಜಾವಾ ಕಡೆಯ ವ್ಯಾಪಾರದ ಹಡಗುಗಳ ದಾರೀಲಿ, ಆ ಭಾಷೆಗಳ ಮೂಲಕ ಹೋಗಿದ್ದು. ದಾರೀಲಿ ಅರ್ಥಾನೂ ಹೊರಳಿದೆ. ದೇವತಾ ಅಲ್ಲಿ ದಿವಾತಾ ಆಗಿ ಕಾಡು, ಬೆಟ್ಟ ಕಾಯೋ ದೇವತೆ ಆದಳು, 2016ರಲ್ಲಿ ಅವರು ಬಾಹ್ಯಾಕಾಶಕ್ಕೆ ಕಳಿಸಿದ ಪುಟ್ಟ ಉಪಗ್ರಹಕ್ಕೂ ಅದೇ ಹೆಸರು. ಆಶಾ ಅಲ್ಲಿ ಆಸಾ, ಅರ್ಥ ಅದೇ. ಬುದ್ಧಿ ಅಲ್ಲಿ ಬುದ್‌ಹಿ, ಆದ್ರೆ ಅರ್ಥ ಮನಸ್ಸಾಕ್ಷಿ. ಲೇಖ ಅಲ್ಲಿ ಲಿಕ್‌ಹಾ, ಅರ್ಥ ಸೃಷ್ಟಿ, ಈಚೆಗೆ ಮಕ್ಕಳಿಗೆ ಇಡೋ ಹೆಸರು.

ನನ್ನನ್ನ ತುಂಬ ದಿನ ಕಾಡಿದ್ದು ಸಿಂತಾ. ಮೂಲ ನಮ್ಮ ಚಿಂತಾ. ನಮಗೆ ಚಿಂತೆ ಅಂದ್ರೆ ತಲೆ ಮೇಲೆ ಕೈ ಹೊತ್ತು ಕೂರೋದು, ಅವರಿಗೆ ಸಿಂತಾ ಅಂದ್ರೆ ಪ್ರಿಯತಮೆ, ಪ್ರೀತಿ. ಯಾವಾಗಲೂ ಯಾರನ್ನ ಮನಸ್ಸಲ್ಲಿ ಚಿಂತಿಸ್ತೀವೋ ಅವರೇ ಪ್ರೀತಿಪಾತ್ರರು ಅಂತ ನೋಡಿದ್ರೆ ಎರಡೂ ಅಷ್ಟೇನೂ ದೂರ ಇಲ್ಲ.

ಮುತ್ಯಾ ಅನ್ನೋ ಹೆಣ್ಣು ಹೆಸರಿದೆ, ಮುತ್ತು, ರತ್ನ ಅಂತ ಅರ್ಥ, ನಮ್ಮ ಮುತ್ತಿನ ಬಳಗದ್ದೇ ಪದ. ಉತ್ತರ ಕರ್ನಾಟಕದವರಿಗೆ ಕೇಳಿದ ತಕ್ಷಣ ಅಜ್ಜ ನೆನಪಾಗ್ತಾರೆ, ಅಲ್ಲಿ ಅದು ಅಂದಗಾತಿ ಹೆಸರು.

ಸಂಪಗೀತಾ ಕಥೆ ಇನ್ನೂ ಚೆನ್ನ. ಅದು ಅವರ ರಾಷ್ಟ್ರೀಯ ಹೂವು, 1934ರಲ್ಲಿ ಘೋಷಿಸಿದ್ದು. ಪದ ಬಂದಿದ್ದು ಸಂಪಾಗಾ ಅನ್ನೋದಕ್ಕೆ ಸ್ಪ್ಯಾನಿಶಿನ 'ಇತಾ', ಅಂದ್ರೆ ಪುಟ್ಟದು ಅನ್ನೋ ಬಾಲ ಸೇರಿ, ಸಂಪಾಗಾ ಮೂಲ ಸಂಸ್ಕೃತದ ಚಂಪಕ, ನಮ್ಮ ಸಂಪಿಗೆ. ಆದ್ರೆ ಹೂವು ಸಂಪಿಗೆ ಅಲ್ಲ, ದುಂಡು ಮಲ್ಲಿಗೆ! ಮನಿಲಾದಲ್ಲಿ ಚರ್ಚ್ ಮುಂದೆ ಇದರ ಸಣ್ಣ ಸಣ್ಣ ಹಾರ ಮಾರ್ತಾರೆ, ಜನ ತಗೊಂಡು ಮೇರಿಮಾತೆ ಮೂರ್ತಿಗೆ ಹಾಕ್ತಾರೆ, ಇಲ್ಲಾಂದ್ರೆ ಕಾರಿನ ಕನ್ನಡಿಗೆ ನೇತು ಹಾಕ್ತಾರೆ.

ಒಂದು ಎಚ್ಚರಿಕೆ. ಕಿವಿಗೆ ಒಂದೇ ಥರ ಕೇಳಿಸ್ತು ಅಂತ ಎಲ್ಲ ಪದಕ್ಕೂ ಸಂಸ್ಕೃತದ ನಂಟು ಕಟ್ಟಬೇಡಿ. ಮಯೂಮಿ, ಬಯಾನಿ, ಲಿಗಾಯಾ ಇವೆಲ್ಲ ಅವರದ್ದೇ ಮಣ್ಣಿನ ಪದಗಳು. ಅವರ ಭಾಷೆ ಆಸ್ಟ್ರೊನೇಷ್ಯನ್ ಕುಟುಂಬದ್ದು, ಮಡಗಾಸ್ಕರಿಂದ ಹವಾಯಿವರೆಗೆ ಹರಡಿರೋ ದೊಡ್ಡ ಮನೆತನ.

ನಮ್ಮ ಹೆಸರಿಗೆ ಅಲ್ಲಿ ಬೇರೆ ಅರ್ಥ ಇದೆಯಾ?

ಇದೆ, ಮೊದಲೇ ಗೊತ್ತಿದ್ರೆ ಒಳ್ಳೇದು. ಹರಿ ಅಂದ್ರೆ ರಾಜ, ಖುಷಿಯಾಗಿ ಹೇಳ್ಕೋಬಹುದು. ಮಾಯಾ ಅಂದ್ರೆ ಗುಬ್ಬಿ ಥರದ ಸಣ್ಣ ಹಕ್ಕಿ, 1995ರಲ್ಲಿ ಹದ್ದಿಗೆ ಆ ಪಟ್ಟ ಕೊಡೋವರೆಗೆ ಅದೇ ರಾಷ್ಟ್ರೀಯ ಪಕ್ಷಿ ಅನ್ನಿಸ್ಕೊಂಡಿತ್ತು. ಮಣಿ ಅಂದ್ರೆ ಅವರ ಕಿವಿಗೆ ಶೇಂಗಾ. ಲತಾ ಅಂದ್ರೆ ತಗಡಿನ ಡಬ್ಬ. ತಾರಾ ಅಂದ್ರೆ 'ನಡಿ ಹೋಗೋಣ'. ಸುಮನ್ ಅಂದ್ರೆ ಅಂಟಕ್ಕಿಯನ್ನ ತೆಂಗಿನ ಹಾಲಲ್ಲಿ ಬೇಯಿಸಿ ಬಾಳೆ ಎಲೇಲಿ ಸುತ್ತಿ ಮಾಡೋ ತಿಂಡಿ, ನಮ್ಮ ಎಲೆ ಕಡುಬಿನ ಸೋದರ ಸಂಬಂಧಿ. ಯಾರೂ ಅವಮಾನ ಮಾಡೋಕೆ ನಗಲ್ಲ, ಹೆಸರಿನ ಅರ್ಥ ನಮ್ಮಲ್ಲಿ ಏನು ಅಂತ ಹೇಳಿದ್ರೆ ಆಸಕ್ತಿಯಿಂದ ಕೇಳ್ತಾರೆ.

ಮೊದಲ ಹೆಸರು ಬದಲಾದ ಮೇಲೆ ಹಳೆ ಹೆಸರುಗಳೆಲ್ಲ ಹೋಗೇಬಿಟ್ವಾ?

ಇಲ್ಲ, ಸರ್‌ನೇಮಿನಲ್ಲಿ ಉಳಿದ್ವು. 1849ರ ನವೆಂಬರ್ 21ಕ್ಕೆ ಗವರ್ನರ್ ನಾರ್ಸಿಸೊ ಕ್ಲಾವೆರಿಯಾ ಆದೇಶ ಹೊರಡಿಸಿದ್ರು, ಎಲ್ಲರೂ ಸರ್‌ನೇಮ್ ಇಟ್ಕೋಬೇಕು ಅಂತ, ಅದಕ್ಕೆ ಅಕಾರಾದಿ ಪಟ್ಟಿಯ ಪುಸ್ತಕಾನೇ ಮಾಡಿ ಊರೂರಿಗೆ ಪುಟ ಹಂಚಿದ್ರು. ಹಾಗಾಗಿ ಕೆಲವು ಊರಲ್ಲಿ ಎಲ್ಲರ ಸರ್‌ನೇಮೂ ಒಂದೇ ಅಕ್ಷರದಿಂದ ಶುರು, ಬಿಕೊಲ್ ಸೀಮೆಯ ಓವಾಸಲ್ಲಿ 'ಆರ್' ಇಂದ ಶುರುವಾಗೋ ಹೆಸರೇ ತುಂಬಿದೆ. ಯಾರ ಮನೇಲಿ ನಾಲ್ಕು ತಲೆಮಾರಿಂದ ಒಂದೇ ಹೆಸರು ನಡ್ಕೊಂಡು ಬಂದಿತ್ತೋ ಅವರು ಅದನ್ನ ಇಟ್ಕೊಳ್ಳೋಕೆ ಅವಕಾಶ ಇತ್ತು. ಗತ್‌ಮೈತಾನ್, ಗತ್‌ದೂಲಾ, ಲಕಾನ್‌ದೂಲಾ ಥರದ ಹೆಸರುಗಳಲ್ಲಿರೋ ಗತ್, ಲಕಾನ್ ಅನ್ನೋದು ಹಳೇ ಕಾಲದ ಒಡೆತನದ ಬಿರುದು, ನಮ್ಮ ನಾಯಕ, ಗೌಡ, ಅರಸು ಇದ್ದಂಗೆ.

ಬತಾಂಗಸ್ ಕಡೆ 'ದಿ' ಇಂದ ಶುರುವಾಗೋ ಸರ್‌ನೇಮ್ ಜಾಸ್ತಿ. ದಿ ಅಂದ್ರೆ ಅಲ್ಲ, ಆಗಲ್ಲ. ದಿಮಯೂಗಾ ಅಂದ್ರೆ ಅಲುಗಾಡಿಸೋಕಾಗದವರು, ದಿಮಗೀಬಾ ಅಂದ್ರೆ ಕೆಡವೋಕಾಗದವರು, ದಿಮಕುಲಾಂಗನ್ ಅಂದ್ರೆ ಕೊರತೆ ಮಾಡೋಕಾಗದವರು. ಒಂದೊಂದೂ ಎದೆ ಸೆಟೆಸಿ ನಿಂತ ಹೆಸರು!

1892ರಲ್ಲಿ ಕಾತಿಪೂನಾನ್ ಅನ್ನೋ ಗುಪ್ತ ಸಂಘ ಹುಟ್ಟಿತು, ಸ್ಪೇನ್ ವಿರುದ್ಧ ಹೋರಾಡೋಕೆ. ಸೇರಿದೋರು ಸಂತರ ಹೆಸರು ಪಕ್ಕಕ್ಕಿಟ್ಟು ತಮ್ಮ ಭಾಷೇಲಿ ಹೊಸ ಹೆಸರು ಇಟ್ಕೊಂಡ್ರು. ಆಂದ್ರೆಸ್ ಬೊನಿಫಾಸಿಯೊ 'ಮಾಯ್‌ಪಗಾಸಾ' ಆದ್ರು, ಅಂದ್ರೆ ಭರವಸೆ ಇರೋನು. ಆ ಹೆಸರಿನ ಒಳಗೆ ನಮ್ಮ ಆಶಾ ಕೂತಿದೆ ನೋಡಿ, ಪಗ್-ಆಸಾ. ಎಮಿಲಿಯೊ ಹಾಸಿಂತೊ 'ಪಿಂಕಿಯಾನ್' ಆದ್ರು, ಉಜ್ಜಿದಾಗ ಏಳೋ ಕಿಡಿ. ಬೊನಿಫಾಸಿಯೊ ಹೆಂಡತಿ ಗ್ರೆಗೊರಿಯಾ ದೆ ಹೆಸುಸ್ 'ಲಕಂಬೀನಿ' ಆದ್ರು. ಆಮೇಲೆ ಮಕ್ಕಳಿಗೆ ಮಲಯಾ, ಬಯಾನಿ, ದಕಿಲಾ ಅಂತ ಇಡೋರ ಮನಸ್ಸಲ್ಲಿ ಈ ನೆನಪೂ ಇರುತ್ತೆ.

ಬೊಂಗ್‌ಬೊಂಗ್, ಡಿಂಗ್‌ಡಾಂಗ್, ಜುನ್‌ಜುನ್, ಇವೆಲ್ಲ ನಿಜವಾದ ಹೆಸರಾ?

ಅಡ್ಡ ಹೆಸರು. ಆದ್ರೆ ರಾಷ್ಟ್ರಪತಿ ಆದ್ರೂ ಬಿಡಲ್ಲ. ಫರ್ಡಿನಾಂಡ್ ಮಾರ್ಕೊಸ್ ಜೂನಿಯರ್ ಎಲ್ಲರಿಗೂ ಬೊಂಗ್‌ಬೊಂಗ್, ವಿರೋಧ ಪಕ್ಷದ ನಾಯಕರಾಗಿದ್ದ ಬೆನಿಗ್ನೊ ಆಕಿನೊ ಎಲ್ಲರಿಗೂ ನಿನೊಯ್, ರಾಷ್ಟ್ರಪತಿ ಆದ ಅವರ ಮಗ ನೊಯ್‌ನೊಯ್. ನಮ್ಮ ಮನೆಗಳ ಪುಟ್ಟಿ, ಗುಂಡ, ಚಿನ್ನು ಹೊರಗೆ ಹೋಗಲ್ಲ, ಅವರದ್ದು ಚುನಾವಣೆ ಬೋರ್ಡಿಗೂ ಬರುತ್ತೆ. ಜುನ್ ಅನ್ನೋದು ಜೂನಿಯರ್ ಇಂದ.

ತುಂಡು ಸೇರಿಸಿ ಹೊಲೆದ ಹೆಸರೂ ಇದಾವೆ. 2010ರಿಂದ 2016ರವರೆಗೆ ಉಪರಾಷ್ಟ್ರಪತಿ ಆಗಿದ್ದ ಜೆಜೊಮಾರ್ ಬಿನಾಯ್ ಹೆಸರಲ್ಲಿ ಜೀಸಸ್, ಜೋಸೆಫ್, ಮೇರಿ ಮೂರೂ ಇದಾರೆ. ಲುಜ್‌ವಿಮಿಂದಾ ಅಂದ್ರೆ ಲುಜಾನ್, ವಿಸಾಯಾಸ್, ಮಿಂದನಾವ್, ಇಡೀ ದೇಶ ಒಬ್ಬ ಹೆಣ್ಣುಮಗಳ ಹೆಸರಲ್ಲಿ.

ಮಿಡಲ್ ನೇಮ್ ಯಾರದ್ದು? ಫಾರ್ಮ್ ತುಂಬೋವಾಗ ಗೊಂದಲ ಆಗುತ್ತೆ.

ಅಮ್ಮನ ತವರಿನ ಸರ್‌ನೇಮ್. ನಮ್ಮಲ್ಲಿ ಇನಿಷಿಯಲ್ ಅಂದ್ರೆ ಅಪ್ಪನ ಹೆಸರು ಇಲ್ಲಾ ಊರು, ಅವರಲ್ಲಿ ತಾಯಿ ಮನೆತನ. ಉದಾಹರಣೆಗೆ ಮೇಲೆ ಹೇಳಿದ ನಿನೊಯ್ ಅವರ ಹೆಂಡತಿ ಕೊರಾಸೊನ್ ಸುಮುಲೊಂಗ್ ಕೊಹುವಾಂಕೊ, ಮದುವೆ ಆದ ಮೇಲೆ ಕೊರಾಸೊನ್ ಕೊಹುವಾಂಕೊ ಆಕಿನೊ. ತವರಿನ ಹೆಸರು ನಡುವಿಗೆ ಜರುಗಿತು ಅಷ್ಟೆ, ಅಳಿಸಿ ಹೋಗಲಿಲ್ಲ, ಮಗನ ಹೆಸರಿನ ನಡುವೆಯೂ ಅದೇ ಕೊಹುವಾಂಕೊ ಇತ್ತು. ಹೆಣ್ಣಿನ ಮನೆತನ ಮುಂದಿನ ತಲೆಮಾರಿಗೂ ಕಾಗದದ ಮೇಲೆ ಇರುತ್ತೆ ಅನ್ನೋದು ನನಗೆ ತುಂಬ ಹಿಡಿಸಿದ ವಿಷಯ.

ಬೈಬಾಯಿನ್ ಲಿಪೀಲಿ ಹೆಸರು ಟ್ಯಾಟೂ ಹಾಕಿಸ್ಕೋಬಹುದಾ?

ಹಾಕಿಸ್ಕೊಳ್ಳಿ, ಆದ್ರೆ ಓದೋಕೆ ಬರೋರ ಹತ್ರ ತೋರಿಸಿದ ಮೇಲೆ. ಬೈಬಾಯಿನ್ ಅಂದ್ರೆ ಟಗಾಲೊಗಿನ ಹಳೇ ಲಿಪಿ, ನಮ್ಮ ಲಿಪಿಯಂಗೇ ಬ್ರಾಹ್ಮಿ ಕಡೆಯ ಸಂತತಿ, ಅಕ್ಷರದಲ್ಲಿ 'ಅ' ಸ್ವರ ಮೊದಲೇ ಇರುತ್ತೆ, ಮೇಲೆ ಒಂದು ಗುರುತು ಹಾಕಿದ್ರೆ ಇ ಅಥವಾ ಎ, ಕೆಳಗೆ ಹಾಕಿದ್ರೆ ಉ ಅಥವಾ ಒ. ನಮ್ಮ ಕಾಗುಣಿತ ಗೊತ್ತಿದ್ರೆ ಒಂದು ಸಂಜೇಲಿ ಕಲೀಬಹುದು. ತೊಂದರೆ ಇರೋದು ಕೊನೆಯ ವ್ಯಂಜನದಲ್ಲಿ, ಹಳೆ ಪದ್ಧತೀಲಿ ಅದನ್ನ ಬರೀತಾನೇ ಇರಲಿಲ್ಲ, ಬಿತುವಿನ್ ಅನ್ನೋದನ್ನ ಬಿ-ತು-ಇ ಅಂತ ಬರೆದು ಬಿಡ್ತಿದ್ರು. 1620ರಲ್ಲಿ ಒಬ್ಬ ಸ್ಪ್ಯಾನಿಶ್ ಪಾದ್ರಿ ಶಿಲುಬೆ ಆಕಾರದ ಗುರುತು ತಂದ್ರು, ನಮ್ಮ ಅರ್ಧಾಕ್ಷರದ ಗುರುತಿನ ಥರ. ನಿಮ್ಮ ಟ್ಯಾಟೂ ಯಾವ ಪದ್ಧತೀಲಿ ಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ.

ಮಗುವಿಗೆ ಇಡೋಣ ಅಂತಿದೀವಿ, ಯಾವುದು ಒಳ್ಳೇದು?

ನನ್ನ ಕೇಳಿದ್ರೆ ಲಿಗಾಯಾ, ಸಿನಾಗ್, ಮಯೂಮಿ. ಕನ್ನಡದ ನಾಲಿಗೆಗೆ ಸಲೀಸು, ಬರೆಯೋಕೂ ಸುಲಭ. ತಾಲಾ ಚೆಂದ, ಆದ್ರೆ ಇಲ್ಲಿ ಎಲ್ಲರೂ ತಾಳ ಅಂತಾರೆ. ಒಂದು ಸಲ ಟಗಾಲೊಗ್ ಮನೆಮಾತಾಗಿರೋ ಯಾರಿಗಾದ್ರೂ ಹೇಳಿ ನೋಡಿ, ಯಾಕಂದ್ರೆ ಇವೆಲ್ಲ ದಿನಾ ಬಳಸೋ ಪದಗಳು, ಅವರ ಕಿವಿಗೆ ಹೇಗೆ ಬೀಳುತ್ತೆ ಅನ್ನೋದು ಡಿಕ್ಷನರೀಲಿ ಸಿಗಲ್ಲ.

ಅವರ ಹೆಸರಿನ ಅರ್ಥ ಕೇಳಿದ್ರೆ ತಪ್ಪು ತಿಳ್ಕೋತಾರಾ? ಹೇಗೆ ಕರೀಬೇಕು?

ಖಂಡಿತ ತಪ್ಪು ತಿಳ್ಕೊಳ್ಳಲ್ಲ. ವಯಸ್ಸಲ್ಲಿ ದೊಡ್ಡೋರಾದ್ರೆ ಬರೀ ಹೆಸರಿಂದ ಕರೀಬೇಡಿ, ಹೆಣ್ಣಾದ್ರೆ 'ಆತೆ', ಗಂಡಾದ್ರೆ 'ಕೂಯಾ' ಸೇರಿಸಿ, ನಮ್ಮ ಅಕ್ಕ, ಅಣ್ಣ ಇದ್ದಂಗೆ. ನಾನು ಆ ಮರಿಯಾ ಅವರನ್ನ ಆಮೇಲೆ ಕೊನೇವರೆಗೂ ಆತೆ ಅಂತಾನೇ ಕರೆದೆ. ಕೇಳೋವಾಗ ಮಾತಿನ ನಡುವೆ 'ಪೊ' ಹಾಕಬೇಕು, ಅದು ಬಹುವಚನದ ಮರ್ಯಾದೆ: 'ಆನೊ ಪೊ ಆಙ್ ಇಬಿಗ್ ಸಬೀಹಿನ್ ನಙ್ ಪಙಾಲಾನ್ ನಿನ್ಯೊ?' ಅಂದ್ರೆ, ನಿಮ್ಮ ಹೆಸರಿನ ಅರ್ಥ ಏನು? ಪಙಾಲಾನ್ ಅಂದ್ರೆ ಹೆಸರು. ಅದನ್ನ 'ಪಂಗಲಾನ್' ಅಂತ ಗ ಒತ್ತಿ ಹೇಳ್ಬೇಡಿ, ಒಂದನೇ ಕ್ಲಾಸಲ್ಲಿ ಕ ಖ ಗ ಘ ಆದ ಮೇಲೆ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸದೇ ಬಿಟ್ಟ ಆ ಙ ಇದೆಯಲ್ಲ, ಅದೇ ಅಕ್ಷರ ಅದು.